ಶ್ವಾಸಕೋಶದ ಆಪರೇಷನ್‌ಗೆ ಮುನ್ನ ತೊಡೆಯ ಬಲವನ್ನು ಏಕೆ ನೋಡುತ್ತಾರೆ? ತಿಳಿದವರು ಹೇಳಿ

ಶರಾವತಿ ತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 73 ವರ್ಷ. ಸಾಗರದ ಕಡೆ ನಮ್ಮದೊಂದು ಅಡಿಕೆ ತೋಟವಿದೆ. ಹೋದ ವರ್ಷದ ಕೊನೆಕೊಯ್ಲಿನವರೆಗೂ ಅವರೇ ಮುಂದೆ ನಿಂತು ಕೆಲಸ ಮಾಡಿಸುತ್ತಿದ್ದರು. ಬೀಡಿ ಬಿಟ್ಟು ಹದಿಮೂರು ವರ್ಷಗಳಾದವು. ಐದು ತಿಂಗಳ ಹಿಂದೆ ಕೆಮ್ಮು ಹಿಡಿದಾಗ ಮೊದಲು ತೋರಿಸಿದ ಕಡೆಯಲ್ಲಿ ಎಕ್ಸ್‌ರೇಯ ಕಲೆಯನ್ನು ನೋಡಿ, ಕಫದ ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ, ಕ್ಷಯವೆಂದು ಮಾತ್ರೆ ಆರಂಭಿಸಿದರು. ಆ ಮಾತ್ರೆಯಿಂದ ಊಟವೂ ಸೇರದಾಯಿತು, ಕೆಮ್ಮೂ ನಿಲ್ಲಲಿಲ್ಲ. 62 ಕಿಲೋ ಇದ್ದವರು ಈಗ 56ಕ್ಕೆ ಇಳಿದಿದ್ದಾರೆ. ಕೊನೆಗೆ ಬೆಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದಾಗ ಬಲ ಶ್ವಾಸಕೋಶದ ಮೇಲಿನ ಹಾಲೆಯಲ್ಲಿ (ಶ್ವಾಸಕೋಶದ ದೊಡ್ಡ ವಿಭಾಗಗಳಲ್ಲೊಂದು) 2.8 ಸೆಂ.ಮೀ. ಗಾತ್ರದ ಅಡಿನೋಕಾರ್ಸಿನೋಮಾ ಎಂಬ ಕ್ಯಾನ್ಸರ್ ಗಡ್ಡೆ ಇದೆ ಎಂದು ತಿಳಿಯಿತು. ಪೆಟ್ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿದಂತೆ ಕಾಣಲಿಲ್ಲ.

ಶಸ್ತ್ರಚಿಕಿತ್ಸಕರು ಆ ಹಾಲೆಯನ್ನು ತೆಗೆಯಬಹುದು ಎಂದರು. ಆದರೆ ಅಪ್ಪನಿಗೆ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ಗಡಿಯಾರ ನೋಡಿ 17 ಸೆಕೆಂಡು ಎಂದು ಬರೆದುಕೊಂಡರು. ಒಂದು ಹಿಡಿಕೆಯನ್ನು ಅದುಮಿಸಿ 22 ಕಿಲೋ ಎಂದರು. ಪಂಚೆಯ ಮೇಲಿನಿಂದಲೇ ತೊಡೆಯನ್ನು ಹಿಡಿದು ನೋಡಿ, "ಶ್ವಾಸಕೋಶ ತಡೆದುಕೊಳ್ಳುತ್ತದೆ, ಮೈಯಲ್ಲಿ ಮಾಂಸಖಂಡ ಸಾಲದು. ಮೂರು ವಾರ ವ್ಯಾಯಾಮ ಮಾಡಿಸಿ, ಊಟ ಹೆಚ್ಚಿಸಿ ಕರೆತನ್ನಿ" ಎಂದು ಕಳುಹಿಸಿದರು. ಮನೆಯಲ್ಲಿ ಯಾರಿಗೂ ಇದು ಅರ್ಥವಾಗುತ್ತಿಲ್ಲ. ಆಪರೇಷನ್ ಎದೆಗೆ, ಪರೀಕ್ಷೆ ಕಾಲಿಗೆ! ದೊಡ್ಡಪ್ಪ ಅಪ್ಪನನ್ನು ಮಂಚದಿಂದ ಇಳಿಯಲು ಬಿಡುತ್ತಿಲ್ಲ. ಮೂರು ವಾರ ಕಾದರೆ ಗಡ್ಡೆ ಹರಡುವುದಿಲ್ಲವೇ ಎಂಬ ಹೆದರಿಕೆ ನನ್ನದು.

ಬಯಲುಸೀಮೆ:
73ರಲ್ಲಿ ಎದೆ ಕೊಯ್ಯಿಸುವುದೇ ಬೇಡ. ವಯಸ್ಸಾದವರಿಗೆ ಚಾಕು ತಾಗಿದ ಮೇಲೆ ಅವರು ಮೊದಲಿನಂತೆ ಆಗುವುದಿಲ್ಲ. ನಮ್ಮ ಊರಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ನಿವೃತ್ತ ಮೇಷ್ಟರು:
ಬಯಲುಸೀಮೆ ಅವರೇ, ನನಗೆ 71 ತುಂಬಿದಾಗ ಎಡ ಶ್ವಾಸಕೋಶದ ಕೆಳಗಿನ ಹಾಲೆಯನ್ನು ತೆಗೆದರು. ಈಗ 75. ಬೆಳಿಗ್ಗೆ ಹಾಲಿಗೆ ನಾನೇ ನಡೆದು ಹೋಗುತ್ತೇನೆ. ವಯಸ್ಸನ್ನೊಂದೇ ನೋಡಿ ಬೇಡವೆನ್ನಬೇಡಿ. ನನ್ನ ಪಕ್ಕದ ಹಾಸಿಗೆಯಲ್ಲಿದ್ದವರು ನನಗಿಂತ ಹತ್ತು ವರ್ಷ ಚಿಕ್ಕವರು, ಆದರೆ ಕೆಮ್ಮಿ ಕಫ ತೆಗೆಯಲು ಅವರಿಗೆ ಶಕ್ತಿ ಸಾಲದೆ ನ್ಯುಮೋನಿಯಾ ಆಗಿ ಮೂರು ವಾರ ಆಸ್ಪತ್ರೆಯಲ್ಲೇ ಉಳಿದರು.

ಎದೆರೋಗ ವೈದ್ಯ:
ನಾನು ನಿಮ್ಮ ತಂದೆಯವರ ವರದಿಗಳನ್ನು ನೋಡಿಲ್ಲ. ಆದ್ದರಿಂದ ಇದನ್ನು ಸಾಮಾನ್ಯ ವಿವರಣೆಯೆಂದು ಓದಿಕೊಳ್ಳಿ.

ಹಾಲೆಯನ್ನು ತೆಗೆಯುವ ಮೊದಲು, ಉಳಿಯುವ ಶ್ವಾಸಕೋಶ ಎಷ್ಟು ಕೆಲಸ ಮಾಡಬಲ್ಲದು ಎಂದು ಲೆಕ್ಕ ಹಾಕುತ್ತೇವೆ. ಪ್ರತಿ ಹಾಲೆಯೊಳಗೆ ಖಂಡಗಳೆಂಬ ಚಿಕ್ಕ ಭಾಗಗಳಿವೆ. ಎರಡೂ ಶ್ವಾಸಕೋಶಗಳನ್ನು ಸೇರಿಸಿ 19 ಖಂಡಗಳೆಂದು ಹಿಡಿಯುವುದು ರೂಢಿ. ಬಲ ಮೇಲ್ಹಾಲೆಯಲ್ಲಿ ಇರುವುದು 3. ಊದುವ ಪರೀಕ್ಷೆಯಲ್ಲಿ ಒಬ್ಬರಿಗೆ, ಅವರಂಥ ಆರೋಗ್ಯವಂತರಿಗೆ ಇರಬೇಕಾದದ್ದರ ಶೇ. 78 ಬಂದಿದ್ದರೆ, ಅದರ 19ರಲ್ಲಿ 16 ಭಾಗ, ಅಂದರೆ ಹೆಚ್ಚುಕಡಿಮೆ ಶೇ. 66 ಉಳಿಯುತ್ತದೆ. ಹೀಗೆ ಉಳಿಯುವ ಊದುವ ಶಕ್ತಿಯೂ ಅನಿಲ ವಿನಿಮಯದ ಶಕ್ತಿಯೂ ಶೇ. 60ಕ್ಕಿಂತ ಹೆಚ್ಚಿದ್ದರೆ ಅಪಾಯ ಕಡಿಮೆಯೆಂದೂ, ಎರಡರಲ್ಲಿ ಒಂದು 30ಕ್ಕಿಂತ ಕೆಳಗಿದ್ದರೆ ಇನ್ನೂ ಕಠಿಣವಾದ ಪರೀಕ್ಷೆ ಬೇಕೆಂದೂ 2013ರ ಅಮೆರಿಕದ ಎದೆವೈದ್ಯರ ಮಾರ್ಗಸೂಚಿ ಹೇಳುತ್ತದೆ. ಶಸ್ತ್ರಚಿಕಿತ್ಸಕರು "ಶ್ವಾಸಕೋಶ ತಡೆದುಕೊಳ್ಳುತ್ತದೆ" ಎಂದಿದ್ದರೆ ಈ ಲೆಕ್ಕದಲ್ಲಿ ನಿಮ್ಮ ತಂದೆ ತೇರ್ಗಡೆಯಾಗಿರಬೇಕು.

ಆದರೆ ಆ ಲೆಕ್ಕ ಹೇಳದ ಸಂಗತಿಯೊಂದಿದೆ. ಆಪರೇಷನ್ನಿನ ಮರುದಿನ ರೋಗಿ ನೋವಿನಲ್ಲೂ ಎದ್ದು ಕೂರಬೇಕು, ಉಸಿರನ್ನು ಆಳವಾಗಿ ಎಳೆಯಬೇಕು, ಕೆಮ್ಮಿ ಕಫವನ್ನು ಹೊರಹಾಕಬೇಕು. ಕೆಮ್ಮುವುದಕ್ಕೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು), ಪಕ್ಕೆಲುಬುಗಳ ನಡುವಿನ ಸ್ನಾಯು, ಹೊಟ್ಟೆಯ ಸ್ನಾಯು ಎಲ್ಲವೂ ಬೇಕು. ತೊಡೆ ಬತ್ತಿದವರಲ್ಲಿ ಇವೂ ಬತ್ತಿರುವ ಸಾಧ್ಯತೆಯೇ ಹೆಚ್ಚು. ಕಫ ನಿಂತ ಜಾಗದಲ್ಲಿ ಶ್ವಾಸಕೋಶ ಮುದುಡುತ್ತದೆ, ಮುದುಡಿದಲ್ಲಿ ಸೋಂಕು ಹುಟ್ಟುತ್ತದೆ. ಇನ್ನೊಂದು ಕಾರಣವೂ ಇದೆ. ಗಾಯ ಮಾಯಲು, ರೋಗನಿರೋಧಕ ಕಣಗಳು ಹುಟ್ಟಲು ದೇಹಕ್ಕೆ ಪ್ರೋಟೀನಿನ ಕಚ್ಚಾ ಸಾಮಗ್ರಿ ಬೇಕು. ದೇಹ ಅದನ್ನು ತನ್ನ ಸ್ನಾಯುವನ್ನೇ ಕರಗಿಸಿ ಪಡೆಯುತ್ತದೆ. ತೊಡೆಯೆಂದರೆ ಕಣಜವಿದ್ದಂತೆ. ಬರಗಾಲಕ್ಕೆ ಮೊದಲೇ ಕಣಜ ಖಾಲಿಯಾಗಿದ್ದರೆ ಏನಾಗುತ್ತದೆಂದು ತೋಟ ಮಾಡುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕುಂದಾಪುರದವಳು:
ಹಾಗಾದರೆ ಮೈ ತುಂಬಿಕೊಂಡಿರುವವರಿಗೆ ಭಯವಿಲ್ಲ ಎಂದಾಯಿತು. ನಮ್ಮ ಅಮ್ಮ 74 ಕಿಲೋ ಇದ್ದಾರೆ. ಅವರಿಗೂ ಬರುವ ತಿಂಗಳು ಇದೇ ಆಪರೇಷನ್.

ಎದೆರೋಗ ವೈದ್ಯ:
ಹಾಗೆ ತಿಳಿಯಬೇಡಿ ತಾಯಿ. ತೂಕದ ಕಾಟಾ ಕೊಬ್ಬನ್ನೂ ಸ್ನಾಯುವನ್ನೂ ಬೇರೆ ಮಾಡಿ ತೋರಿಸುವುದಿಲ್ಲ. ಮೈ ದಪ್ಪವಿದ್ದು ಒಳಗೆ ಸ್ನಾಯು ಕರಗಿರುವ ಸ್ಥಿತಿಯನ್ನು ಗುರುತಿಸುವುದೇ ಹೆಚ್ಚು ಕಷ್ಟ, ಏಕೆಂದರೆ ನೋಡಿದವರೆಲ್ಲ "ಚೆನ್ನಾಗಿದ್ದಾರೆ" ಎನ್ನುತ್ತಾರೆ. 2008ರಲ್ಲಿ ಕೆನಡಾದಲ್ಲಿ, ಶ್ವಾಸಕೋಶ ಮತ್ತು ಜೀರ್ಣಾಂಗಗಳ ಕ್ಯಾನ್ಸರ್ ಇದ್ದ ಸ್ಥೂಲಕಾಯದ ರೋಗಿಗಳ ಸಿಟಿ ಚಿತ್ರಗಳನ್ನು ಅಳೆದಾಗ, ಸ್ನಾಯು ಕಡಿಮೆ ಇದ್ದವರು ಉಳಿದವರಿಗಿಂತ ಕಡಿಮೆ ಕಾಲ ಬದುಕಿದ್ದು ಕಂಡುಬಂತು. ನಿಮ್ಮ ಅಮ್ಮನಿಗೂ ಕುರ್ಚಿಯ ಪರೀಕ್ಷೆ ಮಾಡಿಸಿ.

ಕುಂದಾಪುರದವಳು:
ಈಗ ಮಾಡಿಸಿದೆ. ಮೂರನೆಯ ಸಲ ಏಳುವಾಗ ಕೈಯನ್ನು ಊರಿದರು. ಇದನ್ನು ನಾನು ಇಷ್ಟು ದಿನ ಮಂಡಿನೋವು ಎಂದುಕೊಂಡಿದ್ದೆ.

ಹೆಜ್ಜೆ ಹೆಜ್ಜೆ:
ಮಂಡಿನೋವೂ ಇರಬಹುದು, ಅಮ್ಮನವರನ್ನು ಕೇಳಿ ನೋಡಿ. ನೋವಿನಿಂದ ಕೈ ಊರಿದರೋ ಬಲ ಸಾಲದೆ ಊರಿದರೋ ಎಂಬುದು ಅವರಿಗೇ ಗೊತ್ತಿರುತ್ತದೆ.

ನಾನು ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್. ಶರಾವತಿ ತೀರ ಅವರೇ, ನಿಮ್ಮ ದೊಡ್ಡಪ್ಪನವರು ಪ್ರೀತಿಯಿಂದಲೇ ತಡೆಯುತ್ತಿದ್ದಾರೆ ಎಂಬುದು ನನಗೆ ಅರ್ಥವಾಗುತ್ತದೆ, ಆದರೆ ಆ ಮಂಚವೇ ಈಗ ನಿಮ್ಮ ತಂದೆಗೆ ದೊಡ್ಡ ಶತ್ರು. ಕಾಯಿಲೆಯೇನೂ ಇಲ್ಲದ ವೃದ್ಧರನ್ನು ಬರೀ ಹತ್ತು ದಿನ ಹಾಸಿಗೆಯಲ್ಲಿ ಇರಿಸಿದ ಒಂದು ಪ್ರಯೋಗದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಕ್ಯಾನ್ಸರ್ ಇದ್ದು, ಊಟ ಸೇರದೆ, ಮಲಗಿಯೂ ಇದ್ದರೆ ಅದಕ್ಕಿಂತ ಕಡಿಮೆ ಹೋಗುವುದಂತೂ ಇಲ್ಲ. ದೊಡ್ಡಪ್ಪನವರಿಗೆ ನೀವು ವಾದ ಹೇಳಿದರೆ ಕೇಳಲಿಕ್ಕಿಲ್ಲ. ಅವರಿಗೂ ಒಂದು ಕೆಲಸ ಕೊಡಿ. ಪ್ರತಿದಿನ ಸಂಜೆ ಅಪ್ಪನ ಜೊತೆ ತೋಟದವರೆಗೆ ನಡೆಯುವ ಜವಾಬ್ದಾರಿ ಅವರದೇ ಆಗಲಿ.

ಮೈಸೂರು ಮೊಮ್ಮಗ:
ಆಸ್ಪತ್ರೆಯವರು ಅಪಾಯ ಬಂದರೆ ತಮ್ಮ ಮೇಲೆ ಬರಬಾರದೆಂದು ಇಂಥ ಪರೀಕ್ಷೆಗಳನ್ನು ಸೇರಿಸುತ್ತಾರೆ ಎಂದು ನನ್ನ ಅನಿಸಿಕೆ. ಹಿಡಿತ 28 ಕಿಲೋಗಿಂತ ಕಡಿಮೆ ಇದ್ದರೆ ಆಪರೇಷನ್ ಮಾಡುವುದಿಲ್ಲವಂತೆ, ಎಲ್ಲೋ ಓದಿದ್ದೆ. ಹಾಗಿದ್ದರೆ 22 ಬಂದಾಗಲೇ ಕೈಬಿಟ್ಟಂತೆ ಅಲ್ಲವೇ?

ಎದೆರೋಗ ವೈದ್ಯ:
ಅಲ್ಲ. ನೀವು ಓದಿದ ಅಂಕಿ ಸರಿ, ಅರ್ಥ ತಪ್ಪು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಗಂಡಸರಿಗೆ 28, ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಹಿಡಿತವನ್ನೂ, ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿಯುವುದನ್ನೂ ಸ್ನಾಯುಕ್ಷಯದ ಸೂಚನೆಯೆಂದು ಗುರುತಿಸಿತು. ಯುರೋಪಿನವರ ಗಡಿ 27 ಮತ್ತು 16. ಇದು ಆಪರೇಷನ್ನಿಗೆ ಬಾಗಿಲು ಮುಚ್ಚುವ ಗೆರೆಯಲ್ಲ. ಎಚ್ಚರಿಕೆಯಿಂದ ತಯಾರಿ ಮಾಡಿ ಎಂದು ಹೇಳುವ ಗೆರೆ. ಆ ಶಸ್ತ್ರಚಿಕಿತ್ಸಕರು ಮಾಡಿದ್ದೂ ಅದನ್ನೇ. ಕೈಬಿಡುವವರಾಗಿದ್ದರೆ ಮೂರು ವಾರ ಬಿಟ್ಟು ಬನ್ನಿ ಎನ್ನುತ್ತಿರಲಿಲ್ಲ.

ಟೋಕಿಯೋದಿಂದ:
ಹಿಡಿತ ಅಳೆಯುವ ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಇಲ್ಲಿ ಜಪಾನಿನಲ್ಲಿ ಹಿರಿಯರ ಆರೋಗ್ಯ ಶಿಬಿರಗಳಲ್ಲಿ "ಯುಬಿವಕ್ಕಾ" ಎಂಬ ಬೆರಳುಂಗುರದ ಪರೀಕ್ಷೆ ಮಾಡಿಸುತ್ತಾರೆ. ಕುಳಿತುಕೊಂಡು, ಎರಡೂ ಕೈಗಳ ಹೆಬ್ಬೆರಳು ಮತ್ತು ತೋರುಬೆರಳುಗಳನ್ನು ಸೇರಿಸಿ ಉಂಗುರ ಮಾಡಿ, ಮೀನಖಂಡದ ಅತಿ ದಪ್ಪ ಭಾಗವನ್ನು ಸುತ್ತುವರಿಯಬೇಕು. ಬೆರಳುಗಳು ಕೂಡದಿದ್ದರೆ ಒಳ್ಳೆಯದು. ಕೂಡಿಯೂ ಸಂದಿ ಉಳಿದರೆ ಸ್ನಾಯು ಕಡಿಮೆಯಾಗಿರುವ ಸಾಧ್ಯತೆ ಇದೆ. ಅವರವರ ಕೈ ಅವರವರ ಮೈಯ ಅಳತೆಗೆ ತಕ್ಕಂತೆ ಇರುವುದರಿಂದ ಟೇಪೂ ಬೇಡ, ಕೋಷ್ಟಕವೂ ಬೇಡ.

ಶರಾವತಿ ತೀರ:
ಈಗಷ್ಟೇ ಅಪ್ಪನಿಂದ ಮಾಡಿಸಿದೆ. ಉಂಗುರ ಕೂಡಿದ ಮೇಲೂ ಒಳಗೆ ನನ್ನ ಕಿರುಬೆರಳು ಹೋಗುವಷ್ಟು ಜಾಗ ಉಳಿಯಿತು. ಈ ಕಾಲುಗಳು ಅಡಿಕೆ ಮೂಟೆಯನ್ನು ಹೊತ್ತು ಅಟ್ಟ ಹತ್ತುತ್ತಿದ್ದದ್ದನ್ನು ನೋಡಿ ಬೆಳೆದವಳು ನಾನು. ಅಪ್ಪ ಏನೂ ಹೇಳದೆ ಪಂಚೆಯನ್ನು ಕೆಳಗೆ ಎಳೆದುಕೊಂಡರು.

ಅಂಕಿಅಂಶ:
ಶರಾವತಿ ತೀರ ಅವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಒಂದು ಎಚ್ಚರಿಕೆ ಹೇಳಬೇಕು. ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸ್ನಾಯು ಕಡಿಮೆ ಇದ್ದವರಿಗೆ ತೊಡಕುಗಳು ಹೆಚ್ಚು, ಬದುಕುಳಿಯುವ ಕಾಲ ಕಡಿಮೆ ಎಂದು ಹಲವಾರು ಅಧ್ಯಯನಗಳು ತೋರಿಸಿವೆ. ಅವುಗಳಲ್ಲಿ ಬಹುಪಾಲು ಹಳೆಯ ಸಿಟಿ ಚಿತ್ರಗಳನ್ನು ಹಿಂದಿರುಗಿ ನೋಡಿ ಬರೆದವು. ಸ್ನಾಯು ಕಡಿಮೆಯಾದದ್ದರಿಂದ ಕೆಡುಕಾಯಿತೋ ಅಥವಾ ಉಗ್ರವಾದ ಗಡ್ಡೆಯೇ ಒಂದು ಕಡೆ ಸ್ನಾಯುವನ್ನು ಕರಗಿಸಿ ಇನ್ನೊಂದು ಕಡೆ ಆಯುಸ್ಸನ್ನೂ ಕಡಿಮೆ ಮಾಡಿತೋ ಎಂಬುದನ್ನು ಅಂಥ ಅಧ್ಯಯನಗಳಿಂದ ಬೇರ್ಪಡಿಸುವುದು ಕಷ್ಟ.

ಅಳತೆಯದೂ ಒಂದು ತಕರಾರಿದೆ. ಸ್ನಾಯುವನ್ನು ಸೊಂಟದ ಮೂರನೆಯ ಕಶೇರುವಿನ (ಬೆನ್ನೆಲುಬಿನ ಮಣಿ) ಮಟ್ಟದಲ್ಲಿ ಅಳೆಯುವುದು ಕ್ಯಾನ್ಸರ್ ಸಂಶೋಧನೆಯ ವಾಡಿಕೆ. ಎದೆಯ ಸಿಟಿ ಅಷ್ಟು ಕೆಳಗೆ ಹೋಗದಿರುವುದರಿಂದ ಕೆಲವರು ಎದೆಯ ಹನ್ನೆರಡನೆಯ ಕಶೇರುವಿನಲ್ಲಿ, ಕೆಲವರು ಎದೆಯ ಮುಂಭಾಗದ ಪೆಕ್ಟೊರಾಲಿಸ್ ಸ್ನಾಯುವಿನಲ್ಲಿ, ಇನ್ನು ಕೆಲವರು ಬೆನ್ನೆಲುಬಿನ ಪಕ್ಕದ ಸ್ನಾಯುವಿನಲ್ಲಿ ಅಳೆದಿದ್ದಾರೆ. ಗಡಿರೇಖೆಗಳೂ ಒಂದೇ ಅಲ್ಲ. ವೈದ್ಯರು ಹೇಳಿದ ಆ ಕೆನಡಾದ ಅಧ್ಯಯನದಲ್ಲಿ ಗಂಡಸರಿಗೆ ಎತ್ತರದ ವರ್ಗಮೀಟರಿಗೆ 52.4 ಚದರ ಸೆಂ.ಮೀ. ಸ್ನಾಯು, ಹೆಂಗಸರಿಗೆ 38.5 ಎಂಬ ಗಡಿ ಬಂದದ್ದು ಅಲ್ಲಿನ ಸ್ಥೂಲಕಾಯದವರಿಂದ. ಅದನ್ನೇ 56 ಕಿಲೋ ತೂಕದ ಮಲೆನಾಡಿನ ರೈತರಿಗೆ ಹಚ್ಚಿದರೆ ಊರಿಗೆ ಊರೇ ರೋಗಿಗಳಾಗುತ್ತದೆ.

ಹೆಜ್ಜೆ ಹೆಜ್ಜೆ:
ಅಂಕಿಅಂಶ ಅವರೇ, ಗಡಿರೇಖೆಯ ಮಾತನ್ನು ಒಪ್ಪುತ್ತೇನೆ. ಆದರೆ ಕಾರಣ ಯಾವುದೆಂದು ತೀರ್ಮಾನವಾಗುವವರೆಗೆ ರೋಗಿಯನ್ನು ಮಲಗಿಸಿಡಲಾಗದು. ವ್ಯಾಯಾಮವನ್ನು ಯಾದೃಚ್ಛಿಕ ಪ್ರಯೋಗಗಳಲ್ಲೇ, ಅಂದರೆ ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಪರೀಕ್ಷಿಸಿದ್ದಾರೆ. ಶ್ವಾಸಕೋಶದ ಆಪರೇಷನ್ನಿಗೆ ಮುನ್ನ ವ್ಯಾಯಾಮ ಮಾಡಿಸಿದ ಹತ್ತು ಪ್ರಯೋಗಗಳ 636 ರೋಗಿಗಳ ಮಾಹಿತಿಯನ್ನು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ಪರಿಶೀಲನೆ ಒಟ್ಟುಗೂಡಿಸಿತು. ವ್ಯಾಯಾಮ ಮಾಡಿದವರಲ್ಲಿ ಶ್ವಾಸಕೋಶದ ತೊಡಕುಗಳ ಸಂಭವ ಅರ್ಧಕ್ಕಿಂತ ಕಡಿಮೆಯಾಗಿತ್ತು. ಇದನ್ನು ನೀವು ಹೇಗೆ ಅಲ್ಲಗಳೆಯುತ್ತೀರಿ?

ಅಂಕಿಅಂಶ:
ಅಲ್ಲಗಳೆಯುವುದಿಲ್ಲ. ಆ ಪ್ರಯೋಗಗಳು ಚಿಕ್ಕವು, ತಾವು ಯಾವ ಗುಂಪಿನಲ್ಲಿದ್ದೇವೆಂದು ರೋಗಿಗಳಿಗೆ ತಿಳಿದೇ ಇತ್ತು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ನನ್ನ ಮಾತು ಇಷ್ಟೇ: ಮೂರು ವಾರಗಳ ವ್ಯಾಯಾಮದಿಂದ ತಂದೆಯವರ ತೊಡೆ ದಪ್ಪವಾಗುತ್ತದೆ ಎಂದು ಈ ಕುಟುಂಬಕ್ಕೆ ಆಸೆ ಹುಟ್ಟಿಸಬೇಡಿ. ಸ್ನಾಯುವಿನ ರಾಶಿ ಅಷ್ಟು ಬೇಗ ಬೆಳೆಯುವುದಿಲ್ಲ.

ಹೆಜ್ಜೆ ಹೆಜ್ಜೆ:
ಅದು ನಿಜ, ನಾನೂ ಹಾಗೆ ಹೇಳುವುದಿಲ್ಲ. ರಾಶಿ ಬೆಳೆಯುವ ಮೊದಲೇ ಬಲ ಬರುತ್ತದೆ, ಏಕೆಂದರೆ ನರಗಳು ಇರುವ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ದುಡಿಸಲು ಕಲಿಯುತ್ತವೆ. ಏದುಸಿರು ತಡವಾಗಿ ಬರುತ್ತದೆ. ಕೆಮ್ಮುವ ಕ್ರಮವನ್ನು ನೋವು ಇಲ್ಲದಿರುವಾಗಲೇ ಕಲಿತಿರುತ್ತಾರೆ. ಎದೆಗೆ ದಿಂಬನ್ನು ಅವುಚಿಕೊಂಡು ಕೆಮ್ಮುವುದನ್ನು ಆಪರೇಷನ್ ಆದ ಮೇಲೆ ಹೊಸದಾಗಿ ಕಲಿಸಲು ಹೋದರೆ ಅರ್ಧ ಜನ ಹೆದರಿಕೊಂಡು ಉಸಿರನ್ನೇ ಹಿಡಿದುಬಿಡುತ್ತಾರೆ.

ಬಯಲುಸೀಮೆ:
ನಾನು ಮೊದಲು ಹೇಳಿದ್ದು ನಮ್ಮ ಚಿಕ್ಕಪ್ಪನನ್ನು ನೆನೆದು. ಅವರಿಗೆ ಆಪರೇಷನ್ ತಾರೀಖು ಸಿಗಲು ಎರಡು ತಿಂಗಳಾಯಿತು. ಆ ಎರಡು ತಿಂಗಳು ಅವರನ್ನು ಹಾಸಿಗೆಯಿಂದ ಎಬ್ಬಿಸದೆ, ಗಂಜಿ ಕುಡಿಸಿ ನೋಡಿಕೊಂಡೆವು. ಅದೇ ಸೇವೆ ಎಂದು ತಿಳಿದಿದ್ದೆವು. ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಅವರು ಎದ್ದು ನಿಲ್ಲಲೇ ಇಲ್ಲ. ಇದನ್ನೆಲ್ಲ ಓದಿದ ಮೇಲೆ ಅಂದು ನಾವು ಏನು ಮಾಡಿದೆವೆಂದು ತಿಳಿಯುತ್ತಿದೆ.

ನಿವೃತ್ತ ಮೇಷ್ಟರು:
ಬಯಲುಸೀಮೆ ಅವರೇ, ನಿಮಗೆ ಆಗ ಯಾರೂ ಹೇಳಿರಲಿಲ್ಲ. ಈಗ ನೀವು ಹೇಳಿದ್ದು ಇಲ್ಲಿ ಓದುವ ಹತ್ತು ಮನೆಗಳಿಗೆ ತಲುಪುತ್ತದೆ.

ಊಟದ ಲೆಕ್ಕ:
ಗಂಜಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಆಹಾರತಜ್ಞೆ. ಶರಾವತಿ ತೀರ ಅವರೇ, ಅಪ್ಪ ಈಗ ಒಂದು ದಿನಕ್ಕೆ ಏನೇನು ತಿನ್ನುತ್ತಿದ್ದಾರೆ, ಬಚ್ಚಿಡದೆ ಹೇಳಿ.

ಶರಾವತಿ ತೀರ:
ಬೆಳಿಗ್ಗೆ ಎರಡು ತೆಳ್ಳೇವು, ಬೆಲ್ಲ ತುಪ್ಪ. ಮಧ್ಯಾಹ್ನ ಒಂದು ಸೌಟು ಅನ್ನ, ತಿಳಿಸಾರು. ರಾತ್ರಿ ಗಂಜಿ, ಉಪ್ಪಿನಕಾಯಿ. ಕಫವಾಗುತ್ತದೆ ಎಂದು ಹಾಲು, ಮೊಸರು ನಿಲ್ಲಿಸಿದ್ದೇವೆ. ವಾಯುವೆಂದು ಬೇಳೆ, ಕಾಳುಗಳನ್ನೂ ಕಡಿಮೆ ಮಾಡಿದ್ದೇವೆ. ನಮ್ಮದು ಸಸ್ಯಾಹಾರಿ ಮನೆ.

ಊಟದ ಲೆಕ್ಕ:
ಇದರಲ್ಲಿ ಪ್ರೋಟೀನು ಹೆಸರಿಗೆ ಮಾತ್ರ ಇದೆ. ಆರೋಗ್ಯವಂತರಿಗೇ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕಿಲೋ ತೂಕಕ್ಕೆ 0.83 ಗ್ರಾಂ ಎಂದು ಹೇಳಿದೆ. ಕ್ಯಾನ್ಸರ್ ಇರುವವರಿಗೆ ಯುರೋಪಿನ ಪೋಷಣಾ ತಜ್ಞರ ಸಂಘ 1ಕ್ಕಿಂತ ಹೆಚ್ಚು, ಸಾಧ್ಯವಾದರೆ 1.5ರವರೆಗೆ ಎನ್ನುತ್ತದೆ. 56 ಕಿಲೋ ಇರುವ ನಿಮ್ಮ ತಂದೆಗೆ 1.2ರಂತೆ ಹಿಡಿದರೂ ದಿನಕ್ಕೆ 67 ಗ್ರಾಂ ಬೇಕು. ಮೂತ್ರಪಿಂಡದ ತೊಂದರೆ ಇದೆಯೇ ಎಂದು ಮೊದಲು ವೈದ್ಯರನ್ನು ಕೇಳಿ, ಇಲ್ಲವೆಂದರೆ ಮುಂದೆ ಓದಿ.

ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ ಬರುತ್ತದೆ. ಒಂದು ದೊಡ್ಡ ಬಟ್ಟಲು ಮೊಸರಿನಿಂದ 6. ಒಣ ಸೋಯಾ ಚಂಕ್ಸ್ 30 ಗ್ರಾಂ ನೆನೆಸಿ ಪಲ್ಯಕ್ಕೆ ಹಾಕಿದರೆ 15. ಹುರಿಗಡಲೆ 50 ಗ್ರಾಂ ಪುಡಿ ಮಾಡಿ ಹಾಲಿಗೋ ಚಟ್ನಿಗೋ ಸೇರಿಸಿದರೆ 10. ತಿಳಿಸಾರಿನ ಬದಲು 60 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ ಮಾಡಿದರೆ 13. ಹುರುಳಿಯ ಕಟ್ಟನ್ನು ಮಾತ್ರ ಬಸಿದು ಕೊಟ್ಟು ಕಾಳನ್ನು ದನಕ್ಕೆ ಹಾಕಬೇಡಿ, ಪ್ರೋಟೀನಿನ ಬಹುಭಾಗ ಇರುವುದು ಕಾಳಿನಲ್ಲೇ. ಇಷ್ಟನ್ನು ಮೂರು ಊಟಕ್ಕೆ ತುರುಕದೆ ಆರು ಸಲಕ್ಕೆ ಹಂಚಿ, ಆಗ ಹಸಿವಿಲ್ಲದವರೂ ತಿನ್ನುತ್ತಾರೆ. ಅನ್ನ, ತುಪ್ಪಗಳನ್ನು ಕಡಿಮೆ ಮಾಡಬೇಡಿ. ಶಕ್ತಿ ಸಾಲದಿದ್ದರೆ ದೇಹ ಆ ಪ್ರೋಟೀನನ್ನೇ ಉರುವಲಾಗಿ ಸುಡುತ್ತದೆ.

ಮೈಸೂರು ಮೊಮ್ಮಗ:
ಹಾಲಿನಿಂದ ಕಫ ಹೆಚ್ಚುವುದಿಲ್ಲವೇ? ಅಜ್ಜಿಯ ಕಾಲದಿಂದಲೂ ಕೇಳಿಕೊಂಡು ಬಂದ ಮಾತು.

ಊಟದ ಲೆಕ್ಕ:
ಹಾಲು ಜೊಲ್ಲಿನ ಜೊತೆ ಬೆರೆತು ಗಂಟಲಿನಲ್ಲಿ ಸ್ವಲ್ಪ ಹೊತ್ತು ಅಂಟಂಟೆನಿಸುತ್ತದೆ, ಆದ್ದರಿಂದ ಹಾಗೆ ಅನಿಸುವುದು ಸಹಜ. ಪರೀಕ್ಷಿಸಿ ನೋಡಿದಾಗ ಕಫದ ಪ್ರಮಾಣ ಹೆಚ್ಚಿದ್ದು ಕಂಡುಬಂದಿಲ್ಲ. ಕುಡಿದ ಮೇಲೆ ಎರಡು ಗುಟುಕು ಬಿಸಿನೀರು ಕುಡಿಸಿ, ಅಂಟು ಹೋಗುತ್ತದೆ.

ಕುಂದಾಪುರದವಳು:
ಅಮ್ಮ ತೂಕ ಇಳಿಸಲೆಂದು ರಾತ್ರಿಯ ಊಟ ಬಿಟ್ಟಿದ್ದಾರೆ. ಆಪರೇಷನ್ನಿಗೆ ಮುಂಚೆ ತೂಕ ಇಳಿದರೆ ಒಳ್ಳೆಯದೆಂದು ಯಾರೋ ಹೇಳಿದರಂತೆ.

ಊಟದ ಲೆಕ್ಕ:
ಈಗ ಬೇಡ, ದಯವಿಟ್ಟು ಇಂದು ರಾತ್ರಿಯಿಂದಲೇ ಊಟ ಮಾಡಿಸಿ. ಉಪವಾಸದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ಅವರಿಗೆ ಸಾಲದಿರುವುದೇ ಸ್ನಾಯು. ನೀವು ಮೀನು ತಿನ್ನುವವರಾದರೆ ಬಂಗುಡೆಗಿಂತ ಒಳ್ಳೆಯ ಔಷಧವಿಲ್ಲ.

ಎದೆರೋಗ ವೈದ್ಯ:
ಕಾಯುವ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಎರಡರಿಂದ ನಾಲ್ಕು ವಾರಗಳ ತಯಾರಿಯನ್ನು, ಉಳಿದ ಪರೀಕ್ಷೆಗಳು ಮತ್ತು ಆಪರೇಷನ್ ಸರದಿಯ ಜೊತೆಜೊತೆಗೇ ನಡೆಸಿದರೆ ಆಗುವ ಹಾನಿ ಕಡಿಮೆ, ಸಿಗುವ ಲಾಭ ಹೆಚ್ಚು. ಆದರೆ "ಇನ್ನೂ ಸ್ವಲ್ಪ ದಪ್ಪವಾಗಲಿ" ಎಂದು ತಿಂಗಳುಗಟ್ಟಲೆ ಮುಂದೂಡುವುದು ತಪ್ಪು. ಗಡ್ಡೆ ಒಳಗಿರುವವರೆಗೆ ಸ್ನಾಯುವನ್ನು ಕರಗಿಸುವ ಉರಿಯೂತವೂ ಇರುತ್ತದೆ. ಐದು ತಿಂಗಳಲ್ಲಿ ಇವರ ತೂಕ ಶೇ. 9ಕ್ಕಿಂತ ಹೆಚ್ಚು ಇಳಿದಿದೆ. ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿದರೆ ಅದನ್ನು ಕ್ಯಾನ್ಸರ್ ಸವಕಳಿ ಎಂದು 2011ರಿಂದ ಗುರುತಿಸುತ್ತಾರೆ. ಇಂಥ ಸವಕಳಿ ಊಟವೊಂದರಿಂದಲೇ ಪೂರ್ತಿ ಹಿಂದಿರುಗುವುದಿಲ್ಲ, ಗಡ್ಡೆಯನ್ನು ತೆಗೆಯಲೇಬೇಕು. ಹೊಸ ತಾರೀಖನ್ನು ಈಗಲೇ ಬರೆಸಿಕೊಳ್ಳಿ.

ಮೈಸೂರು ಮೊಮ್ಮಗ:
ಇಡೀ ಹಾಲೆಯ ಬದಲು ಒಂದು ಚೂರು ಮಾತ್ರ ತೆಗೆದರೆ ಸಾಲದೇ? ದುರ್ಬಲರಿಗೆ ಅದೇ ಒಳ್ಳೆಯದಲ್ಲವೇ?

ಎದೆರೋಗ ವೈದ್ಯ:
ಒಳ್ಳೆಯ ಪ್ರಶ್ನೆ. 2022ರಲ್ಲಿ ಪ್ರಕಟವಾದ ಜಪಾನಿನ ದೊಡ್ಡ ಪ್ರಯೋಗದಲ್ಲಿ 1106 ರೋಗಿಗಳಿದ್ದರು. ಖಂಡವನ್ನಷ್ಟೇ ತೆಗೆಸಿಕೊಂಡವರಲ್ಲಿ ಶೇ. 94.3, ಹಾಲೆ ತೆಗೆಸಿಕೊಂಡವರಲ್ಲಿ ಶೇ. 91.1 ಮಂದಿ ಐದು ವರ್ಷ ಬದುಕಿದ್ದರು. ಆದರೆ ಅವೆಲ್ಲ 2 ಸೆಂ.ಮೀ. ಅಥವಾ ಅದಕ್ಕಿಂತ ಚಿಕ್ಕದಾದ, ಶ್ವಾಸಕೋಶದ ಅಂಚಿನಲ್ಲಿದ್ದ ಗಡ್ಡೆಗಳು. ಇಲ್ಲಿರುವುದು 2.8. ಆಪರೇಷನ್ ತಡೆದುಕೊಳ್ಳಲಾಗದವರಿಗೆ ಗುರಿಯಿಟ್ಟು ಕೊಡುವ ವಿಕಿರಣ ಚಿಕಿತ್ಸೆಯೂ ಇದೆ, ಕೆಲವೇ ಸಿಟ್ಟಿಂಗ್‌ಗಳಲ್ಲಿ ಮುಗಿಯುತ್ತದೆ. ಈ ತಂದೆಯವರಿಗೆ ಯಾವುದು ಎಂಬುದನ್ನು ಅವರನ್ನು ಕಣ್ಣಾರೆ ನೋಡಿದವರೇ ಹೇಳಬೇಕು.

ಶರಾವತಿ ತೀರ:
(ಹತ್ತೊಂಬತ್ತು ದಿನಗಳ ನಂತರ) ಎಲ್ಲರಿಗೂ ವರದಿ ಒಪ್ಪಿಸಲು ಬಂದಿದ್ದೇನೆ. ಕುರ್ಚಿಯ ಪರೀಕ್ಷೆ 17ರಿಂದ 13 ಸೆಕೆಂಡಿಗೆ ಬಂದಿದೆ. ತೂಕ 57.1. ಹಿಡಿತ 23, ಅಲ್ಲಿ ಹೆಚ್ಚೇನೂ ಬದಲಾಗಿಲ್ಲ. ಮೊದಲ ದಿನ ಅಂಗಳದ ತುದಿಯಲ್ಲೇ ಕುಳಿತುಬಿಟ್ಟವರು ಈಗ ದೊಡ್ಡಪ್ಪನ ಜೊತೆ ತೋಟದ ಬಾವಿಯವರೆಗೆ ಹೋಗಿ ಬರುತ್ತಾರೆ. ಮೂರು ಚೆಂಡುಗಳ ಉಸಿರಾಟದ ಯಂತ್ರವನ್ನು ಜಗಲಿಯ ಮೇಲೆ ಇಟ್ಟಿದ್ದೇವೆ. ಮೂರನೆಯ ಚೆಂಡು ಏಳುವುದಿಲ್ಲವೆಂದು ಅಪ್ಪನಿಗೆ ಸಿಟ್ಟು, ದಿನಕ್ಕೆ ಹತ್ತು ಸಲ ಅದನ್ನು ಹಿಡಿದು ಕೂರುತ್ತಾರೆ. ಗುರುವಾರ ಆಪರೇಷನ್.

ಅಂಕಿಅಂಶ:
ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿದಾಗ ಅಭ್ಯಾಸದಿಂದಲೂ ಒಂದಿಷ್ಟು ಸೆಕೆಂಡು ಕಡಿಮೆಯಾಗುತ್ತದೆ. ಆದರೆ ಬಾವಿಯವರೆಗೆ ನಡೆದದ್ದು ಅಭ್ಯಾಸದ ಲೆಕ್ಕವಲ್ಲ. ನನಗೆ ನಿಜವಾಗಿಯೂ ಸಂತೋಷವಾಗಿದೆ.

ಹೆಜ್ಜೆ ಹೆಜ್ಜೆ:
ನೋವಿನ ಔಷಧವನ್ನು ಕೇಳಿ ಪಡೆಯಿರಿ, ತಡೆದುಕೊಳ್ಳುತ್ತೇನೆ ಎನ್ನಲು ಅವರನ್ನು ಬಿಡಬೇಡಿ. ನೋವಿದ್ದರೆ ಕೆಮ್ಮುವುದಿಲ್ಲ, ಕೆಮ್ಮದಿದ್ದರೆ ಈ ಮೂರು ವಾರಗಳ ದುಡಿಮೆ ವ್ಯರ್ಥವಾಗುತ್ತದೆ. ಆಪರೇಷನ್ ಆದ ಮೇಲೆ ಗಾಳಿ, ದ್ರವ ಹೊರಹೋಗಲು ಹಾಕುವ ಎದೆಯ ಕೊಳವೆ ಇದ್ದಾಗಲೂ ನಡೆಯಬಹುದು. ಅದಕ್ಕೆ ಜೋಡಿಸಿದ ಬಾಟಲಿಯನ್ನು ಎದೆಗಿಂತ ಕೆಳಗೆ ಹಿಡಿದುಕೊಂಡು ಒಬ್ಬರು ಪಕ್ಕದಲ್ಲಿರಬೇಕು, ಅಷ್ಟೇ.

ಶರಾವತಿ ತೀರ:
(ಒಂಬತ್ತು ದಿನಗಳ ನಂತರ) ನಿನ್ನೆ ಮನೆಗೆ ಬಂದೆವು. ಚಿಕ್ಕ ರಂಧ್ರಗಳ ಮೂಲಕವೇ ಹಾಲೆಯನ್ನು ತೆಗೆದರು. ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಬಾಟಲಿಯನ್ನು ಹಿಡಿದವರು ದೊಡ್ಡಪ್ಪ. ಎರಡನೆಯ ರಾತ್ರಿ ಅಪ್ಪನಿಗೆ ಗಲಿಬಿಲಿಯಾಗಿ, ತೋಟಕ್ಕೆ ನೀರು ಬಿಟ್ಟವರಾರು ಎಂದು ಬೆಳಗಿನವರೆಗೂ ಕೇಳುತ್ತಿದ್ದರು. ನಮಗೆ ಜೀವವೇ ಹೋದಂತಾಗಿತ್ತು. ಕನ್ನಡಕ ಹಾಕಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದ ಮೇಲೆ ಮಧ್ಯಾಹ್ನಕ್ಕೆ ಸರಿಹೋದರು. ಶ್ವಾಸಕೋಶದಿಂದ ಗಾಳಿ ಸೋರುವುದು ಐದನೆಯ ದಿನ ನಿಂತಿತು, ಕೊಳವೆ ತೆಗೆದರು. ನ್ಯುಮೋನಿಯಾ ಆಗಲಿಲ್ಲ. ತೆಗೆದ ದುಗ್ಧಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲವೆಂದು ವರದಿ ಬಂದಿದೆ. ತೂಕ ಮತ್ತೆ 55ಕ್ಕೆ ಇಳಿದಿದೆ, ಅದೊಂದು ಚಿಂತೆ.

ಊಟದ ಲೆಕ್ಕ:
ಅದು ನಿರೀಕ್ಷಿತವೇ, ಹೆದರಬೇಡಿ. ಆರು ಸಲದ ಊಟವನ್ನು ಹಾಗೆಯೇ ಮುಂದುವರಿಸಿ. ಪ್ರತಿ ಸೋಮವಾರ ಬೆಳಿಗ್ಗೆ ಅದೇ ಕಾಟಾದ ಮೇಲೆ ತೂಕ ನೋಡಿ ಬರೆದಿಡಿ. ಎರಡು ವಾರ ಸತತವಾಗಿ ಇಳಿದರೆ ಆಸ್ಪತ್ರೆಗೆ ತಿಳಿಸಿ.

ಕುಂದಾಪುರದವಳು:
ಶರಾವತಿ ತೀರ ಅವರೇ, ನಮ್ಮ ಅಮ್ಮ ಇಂದು ಕೈ ಊರದೆ ನಾಲ್ಕು ಸಲ ಎದ್ದರು. ಆಪರೇಷನ್ನಿಗೆ ಇನ್ನು ಹನ್ನೊಂದು ದಿನ ಇದೆ. ಆ ಗಲಿಬಿಲಿಯಾದ ರಾತ್ರಿ ನೀವು ಏನೇನು ಮಾಡಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ, ನಾನು ಮೊದಲೇ ತಿಳಿದುಕೊಂಡಿರಬೇಕು.